ಟೆಂಪೊ ಎಂಬ ಕನ್ನಡ ಶಬ್ದ

ಬೈಲಹೊಂಗಲದ ಪೇಟೆಗೆ ಬೆಲ್ಲದ ಪೆಂಟೆಗಳನ್ನೋ ಶೇಂಗಾ ಚೀಲಗಳನ್ನೋ ಸಾಗಿಸಬೇಕಾದ ರೈತನು, ಬರುವ ಗಾಡಿ ಯಾವ ಕಂಪನಿಯದಾಗಿರಲಿ, ಅದಕ್ಕೆ ಗಾಲಿ ಮೂರಿರಲಿ ನಾಲ್ಕಿರಲಿ, ‘ಟೆಂಪೊ ಹೇಳೇನ್ರಿ, ಈಗ ಬರತೈತಿ’ ಎನ್ನುವನೇ ಹೊರತು, ಕಚೇರಿಯ ಕಾಗದಗಳಲ್ಲಿ ವಿರಾಜಿಸುವ ‘ಲಘು ಸರಕು ಸಾಗಣೆ ವಾಹನ’ವೆಂಬ ಪದಪುಂಜವನ್ನು ಅವನ ಬಾಯಿಂದ ನಾನು ಒಮ್ಮೆಯೂ ಕೇಳಿದವನಲ್ಲ. ರಾಮದುರ್ಗದ ನೇಕಾರನು ಸೀರೆಯ ಗಂಟುಗಳನ್ನು ಹೇರುವುದೂ ಟೆಂಪೊದಲ್ಲಿಯೇ. ಭಾಷಾಶುದ್ಧಿಯ ಅಭಿಮಾನಿಗಳು ಈ ಶಬ್ದವನ್ನು ಪರಕೀಯವೆಂದು ಹೊರಗಿಡಲೆಳಸಿದರೆ, ಅದರ ತೌರುಮನೆಯೇ ಈಗ ಉಳಿದಿಲ್ಲವೆಂಬುದನ್ನು ಅವರಿಗೆ ನೆನಪಿಸಬೇಕಾಗಿದೆ.

ಆ ತೌರುಮನೆ ಇದ್ದುದು ಜರ್ಮನಿಯ ಹ್ಯಾಂಬರ್ಗಿನಲ್ಲಿ. 1924ರಲ್ಲಿ ಆಸ್ಕರ್ ವಿಡಾಲ್ ಎಂಬಾತನು ಅಲ್ಲಿ ಆರಂಭಿಸಿದ ‘ಟೆಂಪೊ’ ಕಾರ್ಖಾನೆಯು, ಲಾರಿ ಕೊಳ್ಳುವಷ್ಟು ಬಂಡವಾಳವಿಲ್ಲದ ಸಣ್ಣ ವ್ಯಾಪಾರಿಗಳಿಗಾಗಿ ಮೂರು ಗಾಲಿಯ ಅಗ್ಗದ ಗಾಡಿಗಳನ್ನು ನಿರ್ಮಿಸಿ ಪ್ರಸಿದ್ಧಿ ಪಡೆಯಿತು. ಮಹಾಯುದ್ಧದ ಅನಂತರ, 1949ರಲ್ಲಿ ಹೊರಬಂದ ಅದರ ‘ಹ್ಯಾನ್ಸೀಟ್’ ಗಾಡಿಯ ರಚನೆಯನ್ನು ಗಮನಿಸಿದರೆ ನನಗೆ ನಮ್ಮ ಚಕ್ಕಡಿಯೇ ನೆನಪಾಗುತ್ತದೆ: ಮುಂದಿನ ಒಂಟಿ ಗಾಲಿಯ ಮೇಲೆಯೇ 400 ಸಿ.ಸಿ.ಯ ಎಂಜಿನು, ಸರಪಳಿಯ ಮೂಲಕ ಅದು ತಿರುಗಿಸುವುದೂ ಆ ಗಾಲಿಯನ್ನೇ, ಹಿಂದಿನೆರಡು ಗಾಲಿಗಳು ಹೇರನ್ನು ಹೊತ್ತು ಸುಮ್ಮನೆ ಹಿಂಬಾಲಿಸತಕ್ಕವು. ಎತ್ತು ಮುಂದೆ, ಹೇರು ಹಿಂದೆ. ಈ ಯಂತ್ರದ ಮರ್ಮವನ್ನು ನಮ್ಮ ಒಕ್ಕಲಿಗನಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ.

ಜರ್ಮನರು 1956ಕ್ಕೆ ಹ್ಯಾನ್ಸೀಟನ್ನು ಕೈಬಿಟ್ಟರು. 1958ರಲ್ಲಿ ಎನ್. ಕೆ. ಫಿರೋದಿಯಾ ಅವರ ನೇತೃತ್ವದ ಬಜಾಜ್ ಟೆಂಪೊ ಕಂಪನಿಯು, ಮೊದಲು ಮುಂಬಯಿಯಲ್ಲಿ, ತರುವಾಯ ಪುಣೆಯ ಸಮೀಪದ ಆಕುರ್ಡಿಯಲ್ಲಿ, ಅದಕ್ಕೆ ಪುನರ್ಜನ್ಮವನ್ನಿತ್ತಿತು. ಪುಣೆಯಿಂದ ಬೆಂಗಳೂರಿಗಿಳಿಯುವ ಹೆದ್ದಾರಿ ಕಿತ್ತೂರಿನ ಮಗ್ಗುಲಲ್ಲಿಯೇ ಸಾಗುವುದರಿಂದ, ಗಾಡಿಯೂ ಹೆಸರೂ ನಮ್ಮ ಸೀಮೆಗೆ ಬರಲು ದಾರಿ ಸಿದ್ಧವಾಗಿಯೇ ಇದ್ದಿತು. ಇದರ ಬೆನ್ನಿಗೆ ಅದೇ ಕಂಪನಿಯ ಮ್ಯಾಟಡೋರ್ ಗಾಡಿ ಬಂದಿತು. ಅದೂ ಹ್ಯಾಂಬರ್ಗಿನ ಸಂತಾನವೇ.

ಮೂಲ ಕಂಪನಿಯ ಅಂತ್ಯವನ್ನು ವಿಸ್ತರಿಸಬೇಕಾಗಿಲ್ಲ. ಅದು ಹಾನೊಮಾಗ್ ಕಂಪನಿಯ ಪಾಲಾಗಿ, ಕೊನೆಗೆ ಡೈಮ್ಲರ್-ಬೆಂಜ್‌ನ ಹೊಟ್ಟೆಯಲ್ಲಿ ಕರಗಿತು. ವಿನೋದವೆಂದರೆ, 2005ರಲ್ಲಿ ಪುಣೆಯ ಕಂಪನಿಯೂ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಒಡೆಯರಿಬ್ಬರೂ ಬಿಟ್ಟುಕೊಟ್ಟ ಈ ಹೆಸರನ್ನು ಬಿಡದೆ ಸಾಕಿದವರು ನಮ್ಮ ಹಮಾಲರು, ಚಾಲಕರು, ಸಂತೆಯ ವ್ಯಾಪಾರಿಗಳು. ಕುರ್ಚಿ ಮೇಜುಗಳಿಗೆ ಸಲ್ಲುವ ಕನ್ನಡತನವು ಟೆಂಪೊಕ್ಕೇಕೆ ಸಲ್ಲಬಾರದು? ನಿಘಂಟುಕಾರರು ಇದನ್ನು ದಾಖಲಿಸುವಾಗ ಹ್ಯಾಂಬರ್ಗಿನ ಹೆಸರನ್ನೂ ಒಂದು ಸಾಲಿನಲ್ಲಿ ಕಾಣಿಸಿದರೆ, ಅದು ಅವರ ಔದಾರ್ಯವಲ್ಲ, ಕರ್ತವ್ಯ.

ಜರ್ಮನ್ ನುಡಿಯಲ್ಲಿ ಟೆಂಪೊ ಎಂದರೆ ವೇಗ. ಭರತ ಹುಣ್ಣಿಮೆಯ ದಿನ ಸವದತ್ತಿಯ ಯಲ್ಲಮ್ಮನ ಗುಡ್ಡದ ಏರಿನಲ್ಲಿ, ಭಂಡಾರ ಬಳಿದ ಚಕ್ಕಡಿಗಳ ಸಾಲಿನ ಹಿಂದೆ, ಮುಂಭಾಗಕ್ಕೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡ ಟೆಂಪೊವೊಂದು ಎತ್ತುಗಳ ಹೆಜ್ಜೆಯನ್ನೇ ಅನುಸರಿಸುತ್ತಿರುತ್ತದೆ. ಹಾರನ್ನು ಒತ್ತಿ ಒತ್ತಿ ಬೇಸತ್ತ ಚಾಲಕನು ಸ್ಟೇರಿಂಗಿನ ಮೇಲೆ ಮೊಣಕೈಯೂರಿ, ಮುಂದಿನ ಚಕ್ಕಡಿಯವನೊಡನೆ ಊರ ಸುದ್ದಿಗಿಳಿದಿರುತ್ತಾನೆ.