ಟ್ರಂಕಿಗೆ ಬೆಂಕಿ ಹಚ್ಚುವ ಶೂರರಿಗೆ



ಪ್ರೀತಿ ಮುರಿದುಬಿದ್ದರೆ ಅಳಬಹುದು. ಊಟ ಬಿಟ್ಟು ಹಾಸ್ಟೆಲಿನ ಟೆರೇಸಿನ ಮೇಲೆ ಮಲಗಬಹುದು. ರಾತ್ರಿಯೆಲ್ಲಾ ಕೂತು ಕೆಟ್ಟ ಕವನ ಗೀಚಬಹುದು, ನಮ್ಮಲ್ಲಿ ಅಂಥವು ಬೇಕಾದಷ್ಟಿವೆ. ಆದರೆ ಬೇಡ ಅಂದು ಹೋದವಳ ಟ್ರಂಕಿಗೆ ಪೆಟ್ರೋಲು ಸುರಿಯುವುದಕ್ಕೆ ಪ್ರೀತಿ ಅಂತ ಹೆಸರಿಡಬೇಡಿ.

ನಮ್ಮವನೇ ಒಬ್ಬ ಈ ಕೆಲಸ ಮಾಡಿದ್ದಾನೆ. ಹೆಸರು ಬೇಡ, ಊರೂ ಬೇಡ. ನೀಲಿ ಶಾಲು ಹಾಕ್ಕೊಂಡು ಸಭೆಯ ಮುಂದಿನ ಸಾಲಲ್ಲಿ ಕೂರುವವನು. ಎರಡು ವರ್ಷ ಇವನ ಜೊತೆ ಓಡಾಡಿದ ಹುಡುಗಿ, ಇವನ ಅನುಮಾನ ತಾಳಲಾರದೆ 'ಇನ್ನು ಸಾಕು' ಅಂದಳು. ಅವಳು ಕೂಲಿಗೆ ಹೋದ ಹೊತ್ತಲ್ಲಿ ಬಾಡಿಗೆ ಕೋಣೆಯ ಬೀಗ ಒಡೆದು, ತಗಡಿನ ಟ್ರಂಕು ಹಿತ್ತಲಿಗೆ ಎಳೆದು, ಬೈಕಿನಿಂದ ಪೆಟ್ರೋಲು ಇಳಿಸಿ ಹಚ್ಚಿದ. ಅದರೊಳಗೆ ಇದ್ದದ್ದು ಎಸ್ಸೆಸ್ಸೆಲ್ಸಿಯಿಂದ ಬಿ.ಎ. ತನಕದ ಅಂಕಪಟ್ಟಿಗಳು, ಟಿ.ಸಿ., ಜಾತಿ ಸರ್ಟಿಫಿಕೇಟು, ಕೈಬರಹದ ನೋಟ್ಸು, ಎರಡು ಸೀರೆ, ತೀರಿಹೋದ ಅವ್ವನ ಒಂದೇ ಒಂದು ಫೋಟೋ. ಹೊಲಿಗೆ ಮಿಷನ್ನು ಸುಡಲಿಲ್ಲ, ಅದರ ಮೇಲೆ ಕಲ್ಲು ಎತ್ತಿಹಾಕಿದ.

ಇದಕ್ಕೆ ನಮ್ಮ ಕೆಲವು ಅಣ್ಣಂದಿರು ಅಂದದ್ದೇನು ಗೊತ್ತೆ? "ಹೋಗ್ಲಿ ಬಿಡ್ರಪ್ಪಾ, ಹುಡುಗ ನೊಂದವ್ನೆ. ಅವಳನ್ನೇನೂ ಮುಟ್ಟಿಲ್ವಲ್ಲ."

ಮುಟ್ಟಿಲ್ಲವೆ? ಮುಟ್ಟುವುದು ಅಂದರೇನು, ಮುಟ್ಟದೇನೇ ಮನುಷ್ಯರನ್ನ ಹೆಂಗೆ ಸಾಯಿಸಬಹುದು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಮೀನ್ದಾರನ ಮನೆಯ ಪತ್ರ ಸುಟ್ಟರೂ ಅವನ ಜಮೀನು ಅಲ್ಲೇ ಬಿದ್ದಿರುತ್ತೆ. ನಮ್ಮ ಹುಡುಗಿಗೆ ಆ ಪತ್ರವೇ ಜಮೀನು. ಅವಳವ್ವ ಕಳೆ ಕಿತ್ತು ಕಿತ್ತು ಬಿತ್ತಿದ ಒಂದೇ ಬೆಳೆ ಅದು.

ನಕಲು ಸಿಗುತ್ತಲ್ಲ ಅನ್ನುವ ಬುದ್ಧಿವಂತರೂ ಇದ್ದಾರೆ. ಸಿಗುತ್ತೆ ಸ್ವಾಮಿ. ಆರ್.ಡಿ. ನಂಬರು ಗೊತ್ತಿದ್ದರೆ ಜಾತಿ ಪತ್ರ ನಾಡಕಚೇರಿಯಲ್ಲಿ ಮತ್ತೆ ತೆಗೆಸಬಹುದು. ಎಸ್ಸೆಸ್ಸೆಲ್ಸಿಗೆ ಓದಿದ ಶಾಲೆಯ ಹೆಡ್‌ಮಾಸ್ತರರನ್ನು ಹಿಡಿದು ಮಂಡಳಿಗೆ ಅರ್ಜಿ. ಡಿಗ್ರಿಗೆ ವಿಶ್ವವಿದ್ಯಾಲಯಕ್ಕೆ ಶುಲ್ಕ, ಅಫಿಡವಿಟ್ಟು, ಠಾಣೆಯ ಕಾಗದ. ಒಂದೊಂದು ಕಿಟಕಿಗೂ ಒಂದೊಂದು ದಿನದ ಕೂಲಿ ಹೋಗುತ್ತೆ. ಅವ್ವನ ಫೋಟೋದ ನಕಲು ಯಾವ ಕಚೇರೀಲಿ ಕೊಡ್ತಾರೆ?

1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಮನುಸ್ಮೃತಿ ಸುಟ್ಟರು. ಆ ದಿನ ಬಂದರೆ ನಾವೂ ಸುಡುತ್ತೇವೆ. ಇವನೂ ಕಡ್ಡಿ ಗೀರಿದವನೇ. ಸುಟ್ಟ ಪುಸ್ತಕದೊಳಗೆ ಏನಿತ್ತು ಅಂತ ಓದಿದ್ದಾನಾ? ಶೂದ್ರನಿಗೆ ಶಕ್ತಿಯಿದ್ದರೂ ಹಣ ಕೂಡಿಡಬಾರದು ಅಂತ ಹತ್ತನೇ ಅಧ್ಯಾಯದಲ್ಲಿದೆ. ಹೆಂಡತಿ, ಮಗ, ದಾಸ ಇವರಿಗೆ ಸ್ವತ್ತಿಲ್ಲ, ದುಡಿದದ್ದೆಲ್ಲ ಒಡೆಯನದು ಅಂತ ಎಂಟನೇ ಅಧ್ಯಾಯದಲ್ಲಿದೆ. ಹತ್ತನೆಯದಕ್ಕೆ ರಕ್ತ ಕುದಿಯುತ್ತೆ. ಎಂಟನೆಯದನ್ನ ಮಾತ್ರ ಹರಿದು ಜೇಬಲ್ಲಿ ಇಟ್ಕೊಂಡಿದ್ದೀರಾ? ಹೆಣ್ಣಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲನ್ನು ಮೂಲೆಗೆ ಹಾಕಿದ್ದು ಬಾಬಾಸಾಹೇಬರು 1951ರಲ್ಲಿ ಮಂತ್ರಿಗಿರಿ ಬಿಟ್ಟ ಕಾರಣಗಳಲ್ಲಿ ದೊಡ್ಡದು. ಬಿಟ್ಟುಹೋಗುವ ಹಕ್ಕು, ತನ್ನದನ್ನು ತಾನು ಇಟ್ಟುಕೊಳ್ಳುವ ಹಕ್ಕು. ಈ ಹುಡುಗಿ ಕೇಳಿದ್ದೂ ಇವೆರಡನ್ನೇ.

2012ರ ನವೆಂಬರ್ 7ರಂದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ, ದಲಿತ ಹುಡುಗನನ್ನು ಬೇರೆ ಜಾತಿಯ ಹುಡುಗಿ ಮದುವೆಯಾಗಿ, ಅವಳ ತಂದೆ ಪ್ರಾಣ ಕಳಕೊಂಡ ಮೇಲೆ, ನತ್ತಂ ಮತ್ತು ಸುತ್ತಲ ಕಾಲೋನಿಗಳಿಗೆ ಗುಂಪು ನುಗ್ಗಿ ನಮ್ಮವರ 200ಕ್ಕೂ ಹೆಚ್ಚು ಮನೆಗಳಿಗೆ ಬೆಂಕಿ ಇಟ್ಟಿತು. ಅವರಿಗೂ ಇವನಿಗೂ ಲೆಕ್ಕದಲ್ಲಿ ವ್ಯತ್ಯಾಸವಿದೆ, ಒಪ್ಪುತ್ತೇನೆ. ಅವರು ಇನ್ನೂರು ಮನೆ ಸುಟ್ಟರು, ಇವನು ಒಂದು ಟ್ರಂಕು. ಹುಡುಗಿ ನಮ್ಮ ಸ್ವತ್ತು ಅನ್ನುವ ತಿಳಿವಳಿಕೆ ಮಾತ್ರ ಒಂದೇ ಒಲೆಯದು.

ಠಾಣೆ ಹತ್ತಿದರೆ ಕೇರಿಯ ಮಾನ ಹೋಗುತ್ತೆ, ಊರಿನವರು ನಗ್ತಾರೆ ಅಂತೀರಿ. ನಗಲಿ. ಕೇರಿಯ ಮಾನವನ್ನ ಯಾವಾಗಲೂ ಹೆಣ್ಮಕ್ಕಳ ತಲೆ ಮೇಲೇ ಯಾಕೆ ಹೊರಿಸ್ತೀರಿ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಲ್ಲಿ, ಬೆಂಕಿ ಹಚ್ಚಿ ಸ್ವತ್ತು ಹಾಳು ಮಾಡಿದವನಿಗೆ ಏಳು ವರ್ಷದವರೆಗೂ ಸಜೆಯಿದೆ. ನೊಂದ ಪ್ರೇಮಿಗೆ ರಿಯಾಯಿತಿ ಅಂತ ಅಲ್ಲಿ ಬರೆದಿಲ್ಲ.

ದೂರು ಕೊಡುವುದು ಬಿಡುವುದು ಅವಳಿಷ್ಟ. ಕೊಡಬೇಡ ಅಂತ ಹೇಳಲು ಅವಳ ಬಾಗಿಲಿಗೆ ಯಾವ ಅಣ್ಣನೂ ಹೋಗಕೂಡದು. ಅವನನ್ನ ವೇದಿಕೆಯಿಂದ ಇಳಿಸುವುದು ನಮ್ಮ ಕೆಲಸ. ಮಿಷನ್ನಿನ ಬೆಲೆ, ನಕಲು ಪತ್ರಗಳ ಖರ್ಚು, ಅವಳು ಅಲೆಯುವ ದಿನಗಳ ಕೂಲಿ ಅವನೇ ಕಟ್ಟಲಿ. ಬೈಕು ಇದೆಯಲ್ಲ, ಮಾರಲಿ. ಮುಂದಿನ ಸಭೆಗೆ ನನ್ನನ್ನ ಕವನ ಓದು ಅಂತ ಕರೆದಿದ್ದಾರೆ. ಓದಲ್ಲ, ಈ ಲೆಕ್ಕವನ್ನೇ ಓದುತ್ತೇನೆ.

ಅವಳ ಜೊತೆ ಕಚೇರಿಗಳಿಗೆ ಹೋಗಲು ಇಬ್ಬರು ಹುಡುಗಿಯರು ಒಪ್ಪಿದ್ದಾರೆ. ಅರ್ಜಿ ಶುಲ್ಕಕ್ಕೆ ಈ ಪತ್ರಿಕೆ ಮಾರುವ ಹುಡುಗನ ಕೈಲಿ ಒಂದು ಡಬ್ಬಿ ಇದೆ. ಬೈಕು ಮಾರಿ ದುಡ್ಡು ಬರೋ ತನಕ ಬಿ.ಎಡ್. ಅರ್ಜಿಯ ತಾರೀಖು ಕಾಯೋದಿಲ್ಲ.