ಹೃದಯಕ್ಕೂ ಎರಡು ಕೊಳಗವೇ?

1951ರಲ್ಲಿ ಸಾಗರ ಸೀಮೆಯ ಕಾಗೋಡಿನ ಗೇಣಿದಾರರು ತಲೆಯೆತ್ತಿದ್ದು ಒಂದು ಕೊಳಗದ ಸಲುವಾಗಿ. ಗೇಣಿ ಅಳೆದುಕೊಳ್ಳುವಾಗ ಒಡೆಯರ ಕೊಳಗ ನ್ಯಾಯದ ಕೊಳಗಕ್ಕಿಂತ ದೊಡ್ಡದಾಗುತ್ತಿತ್ತು. ರೈತರು ಜೈಲು ತುಂಬಿದರು. ಡಾಕ್ಟರ್ ಲೋಹಿಯಾ ಬಂದು ಸಾಗರದಲ್ಲೇ ಬಂಧನಕ್ಕೊಳಗಾದರು. ಆ ಕೊಳಗ ಈಗ ಒಡೆಯರ ಅಂಗಳದಲ್ಲಿಲ್ಲ, ಡಾಕ್ಟರ ಕೋಣೆಗೆ ಬಂದು ಕೂತಿದೆ. ಹಣವಿದ್ದವನ ಎದೆಗೆ ಒಂದು ಅಳತೆ, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನ ಎದೆಗೆ ಇನ್ನೊಂದು.

ಹಣವಿದ್ದವನು ನಲವತ್ತು ದಾಟಿದ ಕೂಡಲೇ ದೊಡ್ಡ ಊರಿಗೆ ಹೋಗಿ ‘ಪ್ಯಾಕೇಜು’ ಮಾಡಿಸಿ ಬರುತ್ತಾನೆ. ಸಿ.ಟಿ. ಯಂತ್ರದಲ್ಲಿ ಮಲಗಿ ಕೆಲವು ಸೆಕೆಂಡು ಉಸಿರು ಹಿಡಿದರೆ ಹೃದಯದ ರಕ್ತನಾಳಗಳಲ್ಲಿ ಎಷ್ಟು ಸುಣ್ಣ ಕಟ್ಟಿದೆಯೆಂದು ಲೆಕ್ಕ ಸಿಗುತ್ತದೆ. ಸೂಜಿಯೂ ಇಲ್ಲ. ಸೊನ್ನೆ ಬಂದರೆ ಸಮಾಧಾನ, ನಾನೂರು ದಾಟಿದರೆ ಎಚ್ಚರ. ಇದು 1990ರಲ್ಲಿ ಅಮೆರಿಕದ ಅಗಾಟ್‌ಸ್ಟನ್ ಎಂಬ ವೈದ್ಯರೂ ಅವರ ಸಂಗಡಿಗರೂ ರೂಪಿಸಿದ ಲೆಕ್ಕ. ಇನ್ನೊಂದು ಬಗೆಯಲ್ಲಿ ಕೈಯ ನರಕ್ಕೆ ಅಯೋಡಿನ್ ದ್ರವ ಚುಚ್ಚಿ, ನಾಳ ಎಲ್ಲಿ ಕಿರಿದಾಗಿದೆಯೆಂದು ಚಿತ್ರ ತೆಗೆಯುತ್ತಾರೆ. ತೊಡೆಯಿಂದಲೋ ಮಣಿಕಟ್ಟಿನಿಂದಲೋ ಹೃದಯದವರೆಗೆ ಕೊಳವೆ ತೂರಿಸುವ ಕೆಲಸ ಎರಡರಲ್ಲೂ ಇಲ್ಲ. ವಿಜ್ಞಾನ ದೊಡ್ಡದೇ, ಅದರ ಮೇಲೆ ನಮ್ಮ ಜಗಳವಿಲ್ಲ.

ಕೂಲಿಯವನ ಎದೆ ಹಿಂಡಿದರೆ ಅದು ‘ಗ್ಯಾಸು’. ಒಂದು ಸೋಡಾ, ಒಂದು ಲೋಟ ಜೀರಿಗೆ ಕಷಾಯ, ಬೆನ್ನಿಗೆ ಅಮೃತಾಂಜನ. ಎಡಗೈ ಸೆಳೆದರೆ ಮೂಟೆ ಹೊತ್ತ ಆಯಾಸ. ಅಂಗಡಿಯವನ ಕಥೆಯೂ ಇದೇ: ಸಂತೆಯ ದಿನ ಬಾಗಿಲು ಹಾಕಿದರೆ ವಾರದ ವ್ಯಾಪಾರ ಹೋಯಿತು, ನಾಳೆ ನೋಡೋಣ ಎನ್ನುತ್ತಾನೆ. ಮರುದಿನ ಬಾಗಿಲು ತೆಗೆಯುವವನು ಮಗ.

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಜನ ಕಂಗಾಲಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಹೆದರಬೇಡಿ ಎಂದು ವೈದ್ಯರು ಹೇಳಿದರು. ಹೇಳಿದ್ದು ಸರಿಯೇ. ಆದರೆ ನಮ್ಮೂರ ಆಸ್ಪತ್ರೆಯಲ್ಲಿ ನಮ್ಮ ಎದೆ ನೋಡುವವರಿಲ್ಲವೆಂಬ ಜನರ ಅಪನಂಬಿಕೆಯೂ ಆ ಸಾಲಿನಲ್ಲಿ ನಿಂತಿತ್ತು.

ಇಂಥ ಹೆದರಿಕೆಯೇ ಪ್ಯಾಕೇಜಿನವರ ಬೆಳೆ. ಸ್ಕ್ಯಾನು ಎಲ್ಲರಿಗೂ ಬೇಕಿಲ್ಲವೆಂಬ ಸತ್ಯ ಅವರ ಬಾಯಲ್ಲಿ ಬರುವುದಿಲ್ಲ. ಸುಣ್ಣದ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುವುದು ಅಪಾಯ ನಡುಮಟ್ಟದಲ್ಲಿದ್ದು, ಮಾತ್ರೆ ಕೊಡಬೇಕೋ ಬೇಡವೋ ಎಂದು ವೈದ್ಯರೇ ಸಂಶಯದಲ್ಲಿರುವಾಗ. ಸುಣ್ಣಗಟ್ಟದ ಮೆತ್ತನೆಯ ಕೊಬ್ಬು ಅದಕ್ಕೆ ಕಾಣುವುದಿಲ್ಲ. ಸೊನ್ನೆ ಬಂತೆಂದು ಹರೆಯದವನು ಬೀಡಿ ಹಚ್ಚುವಂತಿಲ್ಲ. ಎದೆನೋವು ಎದ್ದಾಗ ಸ್ಕ್ಯಾನು ಹುಡುಕಿಕೊಂಡು ಹೋಗುವುದಂತೂ ಹುಚ್ಚು. ಆಗ ಬೇಕಾದದ್ದು ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇ.ಸಿ.ಜಿ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು, ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲು ಒಂಬತ್ತೇ ಕಾರಣಗಳಿಂದ ಎಂದಿತು: ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು, ಮನಸ್ಸಿನ ಕ್ಲೇಶ ಮುಂತಾದವು. ದಕ್ಷಿಣ ಏಷ್ಯಾದ ನಮಗೆ ಮೊದಲ ಆಘಾತ ಸುಮಾರು 53ರ ವಯಸ್ಸಿಗೆ, ಉಳಿದವರಿಗಿಂತ ಐದಾರು ವರ್ಷ ಮೊದಲೇ. ಇವುಗಳಲ್ಲಿ ಹೆಚ್ಚಿನವನ್ನು ಅಳೆಯಲು ಕೋಟಿ ರೂಪಾಯಿಯ ಯಂತ್ರ ಬೇಡ. ತೋಳಿಗೆ ಕಟ್ಟುವ ಪಟ್ಟಿ, ಸ್ವಲ್ಪ ರಕ್ತ, ಒಂದು ಟೇಪು ಸಾಕು. (ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ನಮ್ಮ ಸಂಗಾತಿಗಳು ಪಟ್ಟಿಯ ಮೊದಲ ಹೆಸರನ್ನು ಇನ್ನೊಮ್ಮೆ ಓದಿಕೊಳ್ಳಲಿ. ಅದಕ್ಕೆ ಬಂಡವಾಳಶಾಹಿಯನ್ನು ಬೈದು ಉಪಯೋಗವಿಲ್ಲ.)

ಸರ್ಕಾರ ಏನೂ ಮಾಡಿಲ್ಲವೆನ್ನುವುದು ಸುಳ್ಳಾದೀತು. 2021ರಲ್ಲಿ 46ರ ವಯಸ್ಸಿಗೇ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಬಂತು. ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ತಜ್ಞರು ಅದನ್ನು ದೂರದಿಂದಲೇ ನೋಡಿ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆ ಕೊಡುವ ಏರ್ಪಾಡು. ಒಳ್ಳೆಯದನ್ನು ಒಳ್ಳೆಯದೆನ್ನೋಣ. ಆದರೆ ಅದು ಬೆಂಕಿ ಹತ್ತಿದ ಮೇಲಿನ ನೀರು. ಆಯುಷ್ಮಾನ್ ಕಾರ್ಡಿನ ಐದು ಲಕ್ಷವೂ ಆಸ್ಪತ್ರೆಗೆ ದಾಖಲಾದವನಿಗೆ. ರೋಗ ಉಂಟೋ ಇಲ್ಲವೋ ನೋಡಿಸಿಕೊಳ್ಳಲು ಬಂದ ಹೊರರೋಗಿಗಲ್ಲ. ಬಿದ್ದರೆ ಎತ್ತುತ್ತೇವೆ, ಬೀಳದಂತೆ ನೋಡಿಕೊಳ್ಳುವುದು ನಿನ್ನ ಖರ್ಚು! ಇದು ಯಾವ ಸೀಮೆಯ ನ್ಯಾಯ? ಇ.ಎಸ್.ಐ. ಸಾಮಾನ್ಯವಾಗಿ ಹತ್ತು ಜನ ದುಡಿಯುವಲ್ಲಿ, 2017ರಲ್ಲಿ ಗೊತ್ತುಪಡಿಸಿದ 21,000 ರೂಪಾಯಿಯೊಳಗಿನ ಸಂಬಳಕ್ಕೆ. ಎಂಟು ಜನರ ಗಿರಣಿ, ಗಂಡಹೆಂಡತಿ ನಡೆಸುವ ಕಿರಾಣಿ ಅಂಗಡಿ ಆ ಬೇಲಿಯ ಹೊರಗೆ.

ದೂರದ ಬೆಲೆ ತುಮರಿಯವರಿಗೆ ಗೊತ್ತು. ಲಿಂಗನಮಕ್ಕಿ ನೀರು ಏರಿದಂದಿನಿಂದ, 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯುವವರೆಗೆ, ರಾತ್ರಿ ಎದೆನೋವು ಬಂದವನು ಬೆಳಗಿನ ಲಾಂಚಿಗೆ ಕಾಯಬೇಕಿತ್ತು, ಇಲ್ಲವೇ ಕಾಡುದಾರಿ ಸುತ್ತಬೇಕಿತ್ತು. ನಾಡಿಗೆ ಬೆಳಕು ಕೊಟ್ಟವರ ಗತಿ ಅದು. ಈಗ ಸೇತುವೆ ದಾಟಿ ಸಾಗರ ಮುಟ್ಟಿದರೂ ಶಿವಮೊಗ್ಗ ಇನ್ನೂ ಎಪ್ಪತ್ತು ಕಿಲೋಮೀಟರ್, ತೀರ್ಥಹಳ್ಳಿಯಿಂದ ಅರವತ್ತು, ಹೊಸನಗರದವನಿಗೂ ಹಾದಿ ಕಡಿಮೆಯೇನಲ್ಲ.

ಆದ್ದರಿಂದ ಪರೀಕ್ಷೆ ದುಡಿಯುವವನ ಬಳಿಗೆ ಬರಬೇಕು. ಕೂಲಿ ಮುರಿಯದಂತೆ ಸಂಜೆಯ ಹೊತ್ತು, ಭಾನುವಾರ, ಗಿರಣಿಯ ಬಾಗಿಲಲ್ಲಿ, ಸಂತೆಯ ಮಾಳದಲ್ಲಿ. ಸಂಶಯ ಬಂದವನಿಗೆ ತಾಲ್ಲೂಕಿನಲ್ಲೇ ಇ.ಸಿ.ಜಿ.; ವೈದ್ಯರು ಬೇಕೆಂದು ಬರೆದವನಿಗೆ ಜಿಲ್ಲಾ ಕೇಂದ್ರದಲ್ಲಿ ಸ್ಕ್ಯಾನು, ಸರದಿಯ ಪ್ರಕಾರ, ಕಾಸಿಲ್ಲದೆ, ಹೋಗಿಬರುವ ಬಸ್ಸಿನ ಖರ್ಚು ಸಮೇತ.

ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದುಂಟು. ಮೂರೂ ತಾಲ್ಲೂಕಿನ ಸಂಗಾತಿಗಳು ಹೋಗಿ ಕೇಳಲಿ: ಹೆಪ್ಪು ಕರಗಿಸುವ ಚುಚ್ಚುಮದ್ದು ಇಂದು ಕಪಾಟಿನಲ್ಲಿ ಎಷ್ಟಿದೆ? ರಾತ್ರಿ ಎರಡು ಗಂಟೆಗೆ ಇ.ಸಿ.ಜಿ. ತೆಗೆಯುವವರು ಯಾರು? ಉತ್ತರವನ್ನು ಬರಹದಲ್ಲೇ ಕೇಳಿ ಪಡೆಯಿರಿ.