ಹಿತ್ತಿಲಿನ ತುಂಬೆ ಮರಳಿ ಹುಟ್ಟುವುದು ಹೇಗೆ?

ಶ್ರಾವಣ ಮಾಸದ ಕೊನೆಯಲ್ಲಿ ನಮಗೆ ಹಿರಿಯ ತಾಯಿಯವರೊಬ್ಬರಿಂದ ಒಂದು ಪತ್ರ ಬಂದಿತು. ಅಕ್ಷರಗಳು ನಡುಗಿದ್ದವು, ಆದರೆ ಮಾತು ನೇರವಾಗಿತ್ತು. ಮದುವೆಯಾಗಿ ಆ ಮನೆಯ ಹೊಸ್ತಿಲು ದಾಟಿದ ದಿನದಿಂದಲೂ ಹಿತ್ತಿಲಿನ ತುಂಬೆಯ ಹೂವನ್ನೇ ಇಷ್ಟಲಿಂಗಕ್ಕೆ ಏರಿಸುತ್ತ ಬಂದವರಂತೆ ಅವರು. ಈಗ ಮೂರು ವರ್ಷಗಳಿಂದ ಅವರ ಹಿತ್ತಿಲಿನಲ್ಲಿ ಒಂದೇ ಒಂದು ತುಂಬೆಯ ಗಿಡವೂ ಹುಟ್ಟಿಲ್ಲ. ಪೇಟೆಯಿಂದ ತಂದ ಸೇವಂತಿಗೆಯನ್ನು ಏರಿಸುವಾಗ ಮನಸ್ಸು ತುಂಬುವುದಿಲ್ಲವೆಂದು ಬರೆದು, ಕೊನೆಗೆ ತಮ್ಮ ಪೂಜೆಯಲ್ಲಿಯೇ ಏನಾದರೂ ಲೋಪವಾಯಿತೇ ಎಂದು ಕೇಳಿದ್ದರು.

ಪೂಜೆಯಲ್ಲಿ ಲೋಪವಾಗಿಲ್ಲವೆಂದು ಆ ತಾಯಿಗೆ ನಾವು ಕೂಡಲೇ ಬರೆದೆವು. ಹೂ ಬಿಡಿಸುವುದರಲ್ಲಿ ಲೋಪವಾಗಿರಬಹುದೆಂದೂ ಬರೆಯಬೇಕಾಯಿತು. ಅದು ಅವರೊಬ್ಬರ ಲೋಪವಲ್ಲ. ನಮ್ಮ ಮನೆಯಲ್ಲಿಯೂ ಹಾಗೆಯೇ ನಡೆದುಬಂದಿದೆ. ನಮ್ಮ ಓದುಗ ಬಂಧುಗಳ ಎಷ್ಟೋ ಮನೆಗಳಲ್ಲಿಯೂ ನಡೆದಿರಬೇಕು. ಆದುದರಿಂದ ಈ ತಿಂಗಳು ಹೂವು ಬೀಜವಾಗುವ ಬಗೆಯನ್ನೇ ವಿಷಯವಾಗಿ ತೆಗೆದುಕೊಂಡಿದ್ದೇವೆ.

ತುಂಬೆಯ ಗಿಡಕ್ಕೆ ಒಂದೇ ವರ್ಷದ ಆಯುಷ್ಯ. ಮುಂಗಾರಿನ ಮಳೆಗೆ ಮೊಳೆತು, ಹಿಂಗಾರಿನಲ್ಲಿ ಮೈತುಂಬ ಹೂ ಬಿಟ್ಟು, ಬೇಸಿಗೆಯ ಹೊತ್ತಿಗೆ ಒಣಗಿ ಕಡ್ಡಿಯಾಗಿ ನಿಲ್ಲುತ್ತದೆ. ಮಲ್ಲಿಗೆಯಂತೆ ಬುಡದಿಂದ ಮತ್ತೆ ಚಿಗುರುವುದಿಲ್ಲ. ಕಣಗಿಲೆಯಂತೆ ಕೊಂಬೆಯನ್ನು ನೆಟ್ಟು ಬೆಳೆಸುವ ರೂಢಿಯೂ ಇದಕ್ಕಿಲ್ಲ. ಈ ವರ್ಷದ ಗಿಡಕ್ಕೂ ಬರುವ ವರ್ಷದ ಗಿಡಕ್ಕೂ ನಡುವೆ ಇರುವ ಕೊಂಡಿ ಬೀಜವೊಂದೇ. ಆ ಬೀಜ ಹೂವಿನ ಬುಡದಲ್ಲಿ ಆಗಬೇಕು. ಆಗುವ ಮೊದಲೇ ನಾವು ಬುಟ್ಟಿ ಹಿಡಿದು ಹೋಗಿ ನಿಂತಿರುತ್ತೇವೆ.

ನಸುಕಿನಲ್ಲಿ ಎದ್ದು, ದುಂಬಿ ಮುಟ್ಟುವ ಮುನ್ನವೇ ಹೂ ಬಿಡಿಸಬೇಕೆಂದು ನಮಗೆ ಹಿರಿಯರು ಕಲಿಸಿದ್ದರು. ದುಂಬಿ ಕುಳಿತ ಹೂವು ಎಂಜಲಾಗುವುದೆಂಬ ಭಾವನೆ ಅದರ ಹಿಂದೆ ಇತ್ತು. ಇದು ಹೊಸ ಶಂಕೆಯೇನೂ ಅಲ್ಲ. ದುಂಬಿ ಸವಿದ ಹೂವನ್ನು, ಕರು ಬಾಯಿಟ್ಟ ಹಾಲನ್ನು ಹೇಗೆ ಅರ್ಪಿಸುವುದೆಂಬ ಪ್ರಶ್ನೆಯನ್ನು 12ನೆಯ ಶತಮಾನದ ಶರಣರೇ ಎತ್ತಿದ್ದಾರೆ. ಆದರೆ ಅವರು ಆ ಪ್ರಶ್ನೆಯನ್ನು ಎತ್ತಿದ್ದು ಬಾಹ್ಯ ಮಡಿಯ ಹಮ್ಮನ್ನು ಕಳೆಯುವುದಕ್ಕೆ ಹೊರತು ದುಂಬಿಯನ್ನು ಓಡಿಸುವುದಕ್ಕಲ್ಲವೆಂದು ನಾವು ತಿಳಿದಿದ್ದೇವೆ. ಕರು ಕುಡಿಯದೆ ಹಸು ಹಾಲಿಳಿಸದು. ದುಂಬಿ ಬಾರದೆ ಹೂವು ಫಲಿಸದು. ಈ ಎರಡನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ತುಂಬೆಯ ಒಂದು ಹೂವನ್ನು ಅಂಗೈಯಲ್ಲಿಟ್ಟು ನೋಡಿರಿ. ಕೆಳಗಿನ ತುಟಿ ಅಗಲವಾಗಿ ಚಾಚಿಕೊಂಡಿರುತ್ತದೆ. ಜೇನ್ನೊಣವೋ ಚಿಟ್ಟೆಯೋ ಬಂದು ಕೂರುವ ಜಗಲಿ ಅದು. ಮೇಲಿನ ತುಟಿ ನವಿರಾದ ರೋಮಗಳಿಂದ ಕೂಡಿ ಕುಲಾವಿಯಂತೆ ಬಾಗಿರುತ್ತದೆ. ಆ ಕುಲಾವಿಯ ಅಡಿಯಲ್ಲಿ ನಾಲ್ಕು ಕೇಸರಗಳು ಅಡಗಿವೆ. ಕೇಸರದ ತುದಿಯ ಹುಡಿಯೇ ಪರಾಗ, ಅಂದರೆ ಗಂಡಿನ ಅಂಶ. ಜೊತೆಗೆ ಎಳೆಯಂತಹ ಒಂದು ಶಲಾಕೆ. ಅದು ಕೆಳಗಿನ ಅಂಡಾಶಯಕ್ಕೆ ಹೋಗುವ ದಾರಿ. ಮಧುವಾದರೋ ಹೂವಿನ ಕೊಳವೆಯ ತಳದಲ್ಲಿದೆ. ಹುಡುಗರಾಗಿದ್ದಾಗ ತುಂಬೆಯ ಹೂವನ್ನು ಕಿತ್ತು ಅದರ ಬುಡವನ್ನು ಚೀಪಿದವರಿಗೆ ಆ ಸವಿ ನೆನಪಿದ್ದೀತು. ಆ ಮಧುವಿಗೆ ತಲೆಬಾಗಿಸಿದ ಜೇನ್ನೊಣದ ಮೈಗೆ ಮೇಲಿನಿಂದ ಪರಾಗ ಸವರುತ್ತದೆ. ಅದು ಮುಂದಿನ ಗಿಡಕ್ಕೆ ಹೋದಾಗ ಅಲ್ಲಿಯ ಶಲಾಕೆಯ ತುದಿಗೆ ಆ ಹುಡಿ ತಗಲುತ್ತದೆ. ನಡೆದುಬಂದು ಕೂಡಲಾರದ ಜೀವಗಳಿಗೆ ಪ್ರಕೃತಿ ಮಾಡಿಕೊಟ್ಟ ಅನುಕೂಲವಿದು.

ಹೂವಿನಲ್ಲಿ ಗಂಡು ಹೆಣ್ಣೆಂಬ ಭೇದವುಂಟೆಂದು ಪ್ರಯೋಗ ಮಾಡಿ ತೋರಿಸಿದವರಲ್ಲಿ ಮೊದಲಿಗರು ಜರ್ಮನಿಯ ಕ್ಯಾಮರೇರಿಯಸ್ ಎಂಬ ವಿದ್ವಾಂಸರು. ಅವರ ಬರಹ ಪ್ರಕಟವಾದುದು 1694ರಲ್ಲಿ. ಅವರು ಆರಿಸಿಕೊಂಡ ಗಿಡಗಳಲ್ಲಿ ನಮ್ಮ ಹೊಲದ ಬದುವಿನ ಔಡಲವೂ ಒಂದೆಂಬುದು ನಮಗೆ ಸಂತೋಷವನ್ನುಂಟುಮಾಡುವ ಸಂಗತಿ. ಔಡಲದ ಗೊನೆಯಲ್ಲಿ ಗಂಡು ಹೂಗಳು ಕೆಳಗೆ, ಹೆಣ್ಣು ಹೂಗಳು ಮೇಲೆ ಬೇರೆ ಬೇರೆಯಾಗಿಯೇ ಇರುತ್ತವೆ. ಗಂಡು ಹೂಗಳು ಅರಳುವ ಮೊದಲೇ ಅವನ್ನು ಕಿತ್ತುಹಾಕಿ ಅವರು ಕಾದು ನೋಡಿದರು, ಬೀಜ ಕಟ್ಟಲಿಲ್ಲ. ಸುಮಾರು ನೂರು ವರ್ಷಗಳ ತರುವಾಯ, 1793ರಲ್ಲಿ, ಅದೇ ದೇಶದ ಸ್ಪ್ರೆಂಗೆಲ್ ಎಂಬವರು ಹೂವಿನ ಬಣ್ಣ, ದಳದ ಮೇಲಿನ ಗೆರೆ, ಮಧು ಇವೆಲ್ಲವೂ ಕೀಟವನ್ನು ಕರೆಯುವುದಕ್ಕಾಗಿಯೇ ಇವೆ ಎಂದು ಬರೆದರು. ಅವರ ಕಾಲದ ಪಂಡಿತರು ಆ ಮಾತಿಗೆ ಹೆಚ್ಚಿನ ಬೆಲೆ ಕೊಡಲಿಲ್ಲ.

ಶಲಾಕೆಯ ತುದಿಯನ್ನು ಮುಟ್ಟಿದ ಪರಾಗ ಅಲ್ಲಿಯೇ ನಿಲ್ಲುವುದಿಲ್ಲ. ಬೀಜ ಮೊಳೆಯುವಂತೆ ಅದೂ ಮೊಳೆತು, ಕಣ್ಣಿಗೆ ಕಾಣದಷ್ಟು ಸಣ್ಣ ನಾಳವನ್ನು ಶಲಾಕೆಯೊಳಗೆ ಇಳಿಬಿಡುತ್ತದೆ. ಆ ನಾಳದ ಮೂಲಕ ಎರಡು ಗಂಡುಕಣಗಳು ಕೆಳಗಿಳಿಯುತ್ತವೆ. ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಮತ್ತೊಂದು ಅಲ್ಲಿರುವ ಬೇರೆ ಕೇಂದ್ರಗಳೊಡನೆ ಕೂಡಿ ಆ ಭ್ರೂಣಕ್ಕೆ ಆಹಾರವಾಗುತ್ತದೆ. ಈ ಇಬ್ಬಗೆಯ ಕೂಡುವಿಕೆಯನ್ನು 1898ರಲ್ಲಿ ರಷ್ಯಾದ ನವಾಶಿನ್ ಎಂಬ ವಿಜ್ಞಾನಿ ಕಂಡುಹಿಡಿದರು. ಮಗು ಹುಟ್ಟುವ ಮೊದಲೇ ಅದರ ಬುತ್ತಿಯನ್ನು ಕಟ್ಟಿಡುವ ವ್ಯವಸ್ಥೆ ಇದು. ನಾವು ದಿನವೂ ಉಣ್ಣುವ ಜೋಳದ ರೊಟ್ಟಿಯ ಹಿಟ್ಟಿನಲ್ಲಿ ಬಹುಪಾಲು ಈ ಬುತ್ತಿಯೇ. ಜೋಳದ ತಾಯಿ ತನ್ನ ಕೂಸಿಗೆಂದು ಇಟ್ಟುದನ್ನು ನಾವು ಬೀಸಿಕೊಂಡು ಉಣ್ಣುತ್ತಿದ್ದೇವೆ. ಈ ಭ್ರೂಣಶಾಸ್ತ್ರದಲ್ಲಿ ಸಂಶೋಧನೆ ನಡೆಸಿ ಹೆಸರಾದವರಲ್ಲಿ ನಮ್ಮ ಕನ್ನಡದ ಬಿ.ಜಿ.ಎಲ್. ಸ್ವಾಮಿಯವರೂ ಒಬ್ಬರು. ಅವರ 'ಹಸುರು ಹೊನ್ನು' ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದನ್ನು ಓದದೆ ಇದ್ದ ಮನೆಯವರು ಈಗಲಾದರೂ ತರಿಸಿಕೊಂಡು ಮಕ್ಕಳಿಂದ ಗಟ್ಟಿಯಾಗಿ ಓದಿಸಬೇಕು. ನಗು ತಡೆಯಲಾಗದೆ ಪುಸ್ತಕ ಕೆಳಗಿಟ್ಟರೆ ಅದಕ್ಕೆ ನಾವು ಹೊಣೆಯಲ್ಲ.

ಈಗ ಮರಳಿ ತುಂಬೆಗೆ ಬರೋಣ. ನಾವು ತುಂಬೆಯ ಹೂ ಬಿಡಿಸುವಾಗ ಕೈಗೆ ಬರುವುದು ಬಿಳಿಯ ದಳಭಾಗ ಮಾತ್ರ. ಅಂಡಾಶಯವು ಹಸಿರು ಬಟ್ಟಲಿನೊಳಗೆ ಗಿಡದಲ್ಲಿಯೇ ಉಳಿಯುತ್ತದೆ. ಕೇಸರಗಳು ದಳಕ್ಕೆ ಅಂಟಿಕೊಂಡಿರುವುದರಿಂದ ಅವೂ ನಮ್ಮ ಕೈಗೆ ಬರುತ್ತವೆ. ಎಂದ ಮೇಲೆ ಯಾವ ಹೊತ್ತಿನಲ್ಲಿ ಬಿಡಿಸಿದೆವೆಂಬುದರ ಮೇಲೆ ಎಲ್ಲವೂ ನಿಂತಿದೆ. ಪರಾಗ ತಲುಪುವ ಮೊದಲೇ ಬಿಡಿಸಿದರೆ ಹಸಿರು ಬಟ್ಟಲು ಬರಿದೇ ಒಣಗುತ್ತದೆ. ಪರಾಗ ತಲುಪಿ ಅದರ ನಾಳ ಕೆಳಗಿಳಿದ ಮೇಲೆ ಬಿಡಿಸಿದರೆ ಹೂವು ದೇವರಿಗೂ ಸಂದಿತು, ಬಟ್ಟಲಿನಲ್ಲಿ ನಾಲ್ಕು ಬೀಜಗಳೂ ಉಳಿದವು. ತುಂಬೆಯ ಒಂದೊಂದು ಹೂವಿಗೆ ನಾಲ್ಕೇ ಬೀಜ. ನೂರು ಹೂವನ್ನು ನಸುಕಿನಲ್ಲಿ ಬರಿದು ಮಾಡಿದರೆ ನಾನೂರು ಬೀಜಗಳವರೆಗೂ ನಷ್ಟವಾಗಬಹುದೆಂದು ಲೆಕ್ಕ ಹಾಕಿರಿ. ಕೆಲವರಂತೂ ತೆನೆಯನ್ನೇ ಚಿವುಟಿ ತರುತ್ತಾರೆ. ಆಗ ಕೇಳುವುದೇ ಬೇಡ.

ಹೂವಿನ ಅಭಾವಕ್ಕೆ ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಹಿತ್ತಿಲಿಗೆ ಸಿಮೆಂಟು ಬಂದಿದೆ, ಹೊಲದ ಬದುವಿಗೆ ಕಳೆನಾಶಕ ಬಂದಿದೆ. ನಮ್ಮ ಮನೆಯ ಹಿತ್ತಿಲಿಗೆ ಕಲ್ಲು ಹಾಸಿಸಿದವರು ನಾವೇ. ಮಳೆಗಾಲದಲ್ಲಿ ಕೆಸರಾಗುವುದಿಲ್ಲವೆಂದು ಆಗ ಬಹಳ ಹೆಮ್ಮೆಪಟ್ಟಿದ್ದೆವು. ಮೂಲೆಯಲ್ಲಿ ಉಳಿದ ನಾಲ್ಕು ಗಿಡಗಳನ್ನು ದೀಪಾವಳಿಯ ಸ್ವಚ್ಛತೆಯ ಹೆಸರಿನಲ್ಲಿ, ಬೀಜ ಬಲಿಯುವ ಮೊದಲೇ, ಕಿತ್ತೆಸೆದವರೂ ನಾವೇ. ಮರುವರ್ಷ ಬುಟ್ಟಿ ಬರಿದಾದಾಗ ನಮಗೂ ಆ ತಾಯಿಯಂತೆಯೇ ಕಸಿವಿಸಿಯಾಯಿತು.

ಬೀಜವಾದರೆ ಸಾಲದು, ಅದು ತಾಯಿಯ ನೆರಳಿನಿಂದ ದೂರ ಹೋಗಬೇಕು. ಒಂದೇ ಬುಡದಲ್ಲಿ ನೂರು ಸಸಿಗಳಾದರೆ ನೀರು ಬಿಸಿಲುಗಳಿಗಾಗಿ ಒಂದನ್ನೊಂದು ಕೊರಗಿಸುತ್ತವೆ. ಇದಕ್ಕೆ ಗಿಡಗಳು ಕಂಡುಕೊಂಡ ಉಪಾಯಗಳು ಒಂದೆರಡಲ್ಲ. ಉತ್ತರಾಣಿಯ ಬೀಜ ಧೋತರದ ಅಂಚಿಗೆ ಕಚ್ಚಿಕೊಂಡು ಊರಿಂದೂರಿಗೆ ಹೋಗುತ್ತದೆ. ಬಲಿತ ಕರ್ಣಕುಂಡಲದ ಕಾಯನ್ನು ಮುಟ್ಟಿದರೆ ಅದು ಸಿಡಿದು ಬೀಜವನ್ನು ಚಿಮ್ಮುತ್ತದೆ. ಔಡಲದ ಕಾಯಿಯೂ ಬಿಸಿಲಿಗೆ ಸಿಡಿಯುತ್ತದೆ. ಅದರ ಬೀಜದ ತುದಿಯಲ್ಲಿರುವ ಮೆತ್ತನೆಯ ಗಂಟಿನ ಆಸೆಗೆ ಇರುವೆಗಳು ಬೀಜವನ್ನೇ ಎಳೆದೊಯ್ಯುತ್ತವೆ.

ಎಕ್ಕದ ಸಂಗತಿ ಇನ್ನೂ ಸ್ವಾರಸ್ಯಕರ. ಬಿಳಿ ಎಕ್ಕದ ಹೂವು ನಮ್ಮ ಪೂಜೆಗೆ ಪ್ರಿಯವಾದುದು. ಅದರ ಪರಾಗ ಹುಡಿಯಾಗಿರುವುದಿಲ್ಲ. ಮೇಣದಂತಹ ಜೋಡಿ ಚೀಲಗಳಲ್ಲಿ ಒತ್ತಾಗಿ ತುಂಬಿರುತ್ತದೆ. ಆ ಜೋಡಿಯ ನಡುವೆ ಒಂದು ಸಣ್ಣ ಚಿಮುಟ. ಮರ ಕೊರೆಯುವ ದೊಡ್ಡ ಕರಿಯ ದುಂಬಿ ಮಧುವಿಗೆಂದು ಬಂದು ಕಾಲು ಜಾರಿಸಿದರೆ ಚಿಮುಟ ಅದರ ಕಾಲಿಗೆ ಕಚ್ಚಿಕೊಳ್ಳುತ್ತದೆ. ಬಲವಾದ ದುಂಬಿಯಾದರೆ ಎಳೆದುಕೊಂಡು ಹಾರುತ್ತದೆ. ಸಣ್ಣ ಕೀಟವಾದರೆ ಅಲ್ಲಿಯೇ ಸಿಕ್ಕಿಬೀಳುವುದೂ ಉಂಟು. ಗೊಂಚಲು ಗೊಂಚಲಾಗಿ ಹೂ ಬಿಟ್ಟರೂ ಎಕ್ಕದಲ್ಲಿ ಕಾಯಿ ನಿಲ್ಲುವುದು ಬಹಳ ಕಡಮೆ. ನಿಂತ ಕಾಯಿ ಬೇಸಿಗೆಯಲ್ಲಿ ಬಿರಿದಾಗ ಒಳಗಿನಿಂದ ರೇಷ್ಮೆಯ ಕುಚ್ಚು ಹೊತ್ತ ಬೀಜಗಳು ಗಾಳಿಯಲ್ಲಿ ತೇಲಿ ಹೊರಡುತ್ತವೆ. ಮಕ್ಕಳು ಅದನ್ನು ಊದಿ ಆಡುವರು, ಆಡಲಿ. ಗಿಡದ ಹಾಲು ಮಾತ್ರ ಕಣ್ಣಿಗೆ ತಾಗದಂತೆ ತಾಯಂದಿರು ಎಚ್ಚರ ವಹಿಸಬೇಕು.

ಹಳೆಯ ಮಠದ ಗೋಡೆಯ ಸಂದಿನಲ್ಲಿ, ಗೋಪುರದ ನೆತ್ತಿಯಲ್ಲಿ ಅರಳಿಯ ಸಸಿ ಹುಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿಗೆ ಅದನ್ನು ಒಯ್ದವರು ಪಿಕಳಾರ, ಕೋಗಿಲೆ, ಕುಟ್ರಹಕ್ಕಿಗಳು. ಹಣ್ಣು ತಿಂದ ಹಕ್ಕಿಯ ಹೊಟ್ಟೆಯಲ್ಲಿ ತಿರುಳು ಕರಗುತ್ತದೆ, ಬೀಜ ಕರಗದೆ ಹೊರಬೀಳುತ್ತದೆ. ಅರಳಿ, ಆಲ, ಅತ್ತಿಗಳಲ್ಲಿ ಹೂವೇ ಇಲ್ಲವೆಂದು ಜನ ನಂಬುವರು. ಹೂವುಂಟು, ಆದರೆ ನಾವು ಹಣ್ಣೆನ್ನುವ ಆ ಗುಂಡಿನ ಒಳಮೈಯಲ್ಲಿ ನೂರಾರು ಸಂಖ್ಯೆಯಲ್ಲಿ ಅಡಗಿರುತ್ತದೆ. ಸೂಜಿಮೊನೆಯಷ್ಟು ಕಿಂಡಿಯಿಂದ ಒಂದು ಸಣ್ಣ ಕಣಜ ಒಳನುಗ್ಗಿ, ನುಗ್ಗುವಾಗ ರೆಕ್ಕೆಗಳನ್ನೂ ಕಳೆದುಕೊಂಡು, ಆ ಹೂಗಳಿಗೆ ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಅತ್ತಿಯ ಹಣ್ಣನ್ನು ಬಿಡಿಸಿದರೆ ಹುಳುವೆಂದು ಮೂಗು ಮುರಿಯುವವರು ಆ ಹುಳುವಿಲ್ಲದೆ ಅತ್ತಿಯಲ್ಲಿ ಬೀಜವೇ ಇಲ್ಲವೆಂದು ತಿಳಿಯಬೇಕು.

ತುಂಬೆಗೆ ಇಂತಹ ಯಾವ ಆಡಂಬರವೂ ಇಲ್ಲ. ಒಣಗಿದ ತೆನೆ ಗಾಳಿಗೆ ಅಲುಗಿದಾಗ ಬಟ್ಟಲಿನಿಂದ ಬೀಜ ಉದುರುತ್ತದೆ. ಹರಿಯುವ ಮಳೆನೀರು ಒಯ್ದಷ್ಟು ದೂರ ಅದರ ಪಯಣ. ಆದ್ದರಿಂದಲೇ ಒಂದು ಹಿತ್ತಿಲಿನಿಂದ ಹೋದ ತುಂಬೆ ತಾನಾಗಿ ಮರಳಿ ಬರುವುದು ಕಷ್ಟ.

ಹಾಗಾದರೆ ಪೂಜೆಗೆ ಹೂವನ್ನೇ ಬಿಡಿಸಬಾರದೇ ಎಂದು ಕೆಲವರು ಕೇಳಬಹುದು. ಹಾಗಲ್ಲ. ಸುತ್ತುಮಲ್ಲಿಗೆ, ಹಲವು ಸುತ್ತಿನ ನಂದಿಬಟ್ಟಲು, ಮುದ್ದೆ ದಾಸವಾಳ ಇವುಗಳನ್ನು ನಿಶ್ಚಿಂತೆಯಿಂದ ಬಿಡಿಸಬಹುದು. ಅವುಗಳಲ್ಲಿ ಬೀಜ ಕಟ್ಟುವುದು ಅಪರೂಪ; ಅವುಗಳ ವಂಶವನ್ನು ಕೊಂಬೆ ನೆಟ್ಟೋ ಬಳ್ಳಿ ಹೂಳಿಯೋ ನಾವೇ ಬೆಳೆಸಿಕೊಂಡು ಬಂದಿದ್ದೇವೆ. ಎಚ್ಚರ ಬೇಕಾದುದು ತುಂಬೆಯಂತಹ, ಬೀಜವನ್ನೇ ನಂಬಿದ ಬಡಗಿಡಗಳ ವಿಷಯದಲ್ಲಿ.

ಆ ತಾಯಿಗೆ ನಾವು ಬರೆದು ತಿಳಿಸಿದ ಕ್ರಮವನ್ನೇ ಇಲ್ಲಿ ಕೊಡುತ್ತೇವೆ. ತುಂಬೆ ಇರುವ ಮನೆಯವರು ನಾಲ್ಕು ಗಿಡಗಳಲ್ಲಿ ಒಂದನ್ನು ಮುಟ್ಟದೆ ಬಿಡಬೇಕು. ಉಳಿದವುಗಳ ಹೂವನ್ನು ಬಿಸಿಲೇರಿ ಜೇನ್ನೊಣಗಳು ಬಂದುಹೋದ ಮೇಲೆ ಬಿಡಿಸಬೇಕು. ಬೆಳಗಿನ ಪೂಜೆಗೆ ತಡವಾಗುವುದಾದರೆ ಸಂಜೆಯ ಪೂಜೆಗೆ ತುಂಬೆ, ಬೆಳಗಿಗೆ ಬಿಲ್ವಪತ್ರೆ ಎಂದು ಇಟ್ಟುಕೊಳ್ಳಬಹುದು. ಬಿಟ್ಟ ಗಿಡ ಪೂರ್ತಿ ಒಣಗುವವರೆಗೆ ಕೀಳಬಾರದು. ಶಿವರಾತ್ರಿಯ ಹೊತ್ತಿಗೆ ತೆನೆಗಳು ಕಂದುಬಣ್ಣಕ್ಕೆ ತಿರುಗಿರುತ್ತವೆ; ಅವನ್ನು ಕತ್ತರಿಸಿ, ಕಾಗದದ ಮೇಲೆ ತಲೆಕೆಳಗಾಗಿ ಬಡಿದರೆ ಸಣ್ಣ ಕಂದು ಬೀಜಗಳು ಉದುರುತ್ತವೆ. ಬಟ್ಟೆಯಲ್ಲಿ ಕಟ್ಟಿ ತೇವ ತಗಲದ ಕಡೆ ಇಡಬೇಕು. ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ, ಬಿಸಿಲು ಬೀಳುವ ಜಾಗದಲ್ಲಿ ನೆಲವನ್ನು ಸ್ವಲ್ಪ ಕೆದರಿ ಚೆಲ್ಲಿದರೆ ಸಾಕು, ಆಳವಾಗಿ ಹೂಳಬಾರದು. ನೆಲವಿಲ್ಲದವರು ಮಣ್ಣಿನ ಕುಂಡದಲ್ಲಿಯೂ ಬೆಳೆಸಬಹುದು.

ಬೀಜವೇ ಇಲ್ಲದವರು ಊರ ಹೊರಗಿನ ಬೀಳುನೆಲದಲ್ಲಿ ಹುಡುಕಬೇಕು. ಆ ತಾಯಿಯ ಮೊಮ್ಮಗನು ಹಾಗೆಯೇ ಹುಡುಕಿ, ಕೆರೆಯ ಏರಿಯ ಮೇಲೆ ಏಳೆಂಟು ಗಿಡಗಳನ್ನು ಕಂಡು ಬಂದಿದ್ದಾನೆಂದು ಅವರ ಎರಡನೆಯ ಪತ್ರದಿಂದ ತಿಳಿಯಿತು. ಅವುಗಳಲ್ಲಿ ಆಗ ಹೂವಿತ್ತಂತೆ. ಬಿಡಿಸಿ ತರಲೇ ಎಂದು ಕೇಳಿದ ಹುಡುಗನಿಗೆ ಅವರು ಬೇಡವೆಂದು ಹೇಳಿದ್ದಾರೆ. ಆ ದಿನವೂ ಸೇವಂತಿಗೆಯನ್ನೇ ಏರಿಸಿದರಂತೆ.

ಬಿಲ್ವದ ಕಾಯಿ ತಾನಾಗಿ ಬಿರಿಯುವುದಿಲ್ಲ. ಅದರ ಗಟ್ಟಿ ಕರಟವನ್ನು ಒಡೆದು, ಅಂಟಿನಿಂದ ಬೀಜವನ್ನು ಬಿಡಿಸಿ ಸಸಿ ಮಾಡುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.